ಬಿಡಾರದವರಿಗೆ ಅರಮನೆ, ಊರಿನವರಿಗೆ ಸಾಲ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಅಮೆರಿಕದ ಬೇಸ್‌ಬಾಲ್ ಬಗ್ಗೆ ಬರೆಯುವ ಅಧಿಕಾರವೇನಿದೆ ಎಂದು ಓದುಗ ಮಿತ್ರರು ಕೇಳಬಹುದು. ಆಟದ ಬಗ್ಗೆ ನನಗೆ ಅಧಿಕಾರವಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಅಸಲು, ಬಡ್ಡಿ, ಅವಧಿ ಎಂಬ ಮೂರು ಪದಗಳನ್ನು ಸಾವಿರಾರು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿದವನು ನಾನು. ಈ ಲೇಖನ ಆ ಮೂರು ಪದಗಳನ್ನು ಕುರಿತದ್ದು.

2004ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಮೊದಲ ಬಾರಿಗೆ ಅಮೆರಿಕಕ್ಕೆ ಹೋಗಿದ್ದೆವು. ಮಗಳ ಮನೆ ನ್ಯೂಜೆರ್ಸಿ ರಾಜ್ಯದ ಚೆರ್ರಿ ಹಿಲ್‌ನಲ್ಲಿ. ಒಂದು ಶನಿವಾರ ಸಂಜೆ ಅಳಿಯಂದಿರು ನಮ್ಮನ್ನೂ ಏಳು ವರ್ಷದ ಮೊಮ್ಮಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಕ್ಯಾಮ್ಡೆನ್ ನಗರಕ್ಕೆ ಕರೆದೊಯ್ದರು. ಡೆಲವೇರ್ ನದಿಯ ದಂಡೆ, ಅದರ ಮೇಲೆ ನೀಲಿ ಬಣ್ಣದ ಬೆಂಜಮಿನ್ ಫ್ರಾಂಕ್ಲಿನ್ ತೂಗುಸೇತುವೆ, ಸೇತುವೆಯ ಪಕ್ಕದಲ್ಲಿಯೇ ಕ್ಯಾಂಪ್‌ಬೆಲ್ಸ್ ಫೀಲ್ಡ್ ಎಂಬ ಚೊಕ್ಕಟವಾದ ಸ್ಟೇಡಿಯಂ. ಆಡುತ್ತಿದ್ದುದು ರಿವರ್‌ಶಾರ್ಕ್ಸ್ ಎಂಬ ಊರ ತಂಡ. ಆಟದ ನಿಯಮ ನನಗೆ ಅರ್ಥವಾಗಲಿಲ್ಲ. ಕಡಲೆಕಾಯಿ ಬಿಡಿಸಿ ತಿನ್ನುತ್ತಾ, ಸೇತುವೆಯ ಮೇಲೆ ಹಾದುಹೋಗುವ ರೈಲುಗಳನ್ನು ಎಣಿಸುತ್ತಾ ಕುಳಿತಿದ್ದೆ. ಪಂದ್ಯ ಮುಗಿದ ಮೇಲೆ ಆಟಗಾರನೊಬ್ಬ ಬೇಲಿಯ ಬಳಿ ಬಂದು ನಮ್ಮ ಹುಡುಗನ ಕೈಗೆ ಒಂದು ಚೆಂಡು ಕೊಟ್ಟ. ಆ ರಾತ್ರಿ ಹುಡುಗ ಚೆಂಡನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ.

2022ರಲ್ಲಿ ಮತ್ತೆ ಹೋದಾಗ, ಅಷ್ಟರಲ್ಲಿ ನನಗಿಂತ ಎತ್ತರ ಬೆಳೆದಿದ್ದ ಮೊಮ್ಮಗನನ್ನು ಆ ಮೈದಾನಕ್ಕೆ ಕರೆದೊಯ್ಯಲು ಕೇಳಿದೆ. "ಅಜ್ಜ, ಅದು ಈಗ ಇಲ್ಲ" ಎಂದ. ನಂಬದೆ ಹೋಗಿ ನೋಡಿದೆ. ನದಿಯಿತ್ತು, ಸೇತುವೆಯಿತ್ತು, ಸ್ಟೇಡಿಯಂ ಇರಲಿಲ್ಲ. 2001ರಲ್ಲಿ ಸುಮಾರು 2 ಕೋಟಿ 40 ಲಕ್ಷ ಡಾಲರ್ ವೆಚ್ಚದಲ್ಲಿ ತಲೆಯೆತ್ತಿದ ಕಟ್ಟಡವನ್ನು 2018ರ ಕೊನೆಯಲ್ಲಿ ಕೆಡವಲು ಹಿಡಿದು 2019ರಲ್ಲಿ ನೆಲಸಮ ಮಾಡಿದ್ದರು. ನಾನು ಕಲಿಸಿದ ಶಾಲೆಯ ಹಂಚಿನ ಕಟ್ಟಡ ಅದರ ಮೂರು ಪಟ್ಟು ವಯಸ್ಸಾಗಿಯೂ ಇನ್ನೂ ನಿಂತಿದೆ. ಅಷ್ಟು ಹಣ ಸುರಿದು ಕಟ್ಟಿದ್ದು ಹದಿನೆಂಟು ವರ್ಷಕ್ಕೆ ಮಣ್ಣಾಯಿತೇಕೆ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಅಂದಿನಿಂದ ಓದಿ ತಿಳಿದದ್ದನ್ನೂ, ತಿಳಿದ ಮೇಲೆ ಬಂದ ಸಿಟ್ಟನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಒಂದು ವಿವರಣೆ ಅಗತ್ಯ. ಅಮೆರಿಕದ ಸಣ್ಣ ಊರುಗಳಲ್ಲಿ ಆಡುವ ವೃತ್ತಿಪರ ತಂಡಗಳಲ್ಲಿ ಎರಡು ಬಗೆ. ಒಂದು, ದೊಡ್ಡ ತಂಡಗಳ ಆಶ್ರಯದಲ್ಲಿರುವವು. ಇವುಗಳ ಆಟಗಾರರ ಸಂಬಳವನ್ನು ನ್ಯೂಯಾರ್ಕ್ ಯಾಂಕೀಸ್‌ನಂಥ ಮಾತೃತಂಡವೇ ಕೊಡುತ್ತದೆ. ಇನ್ನೊಂದು, ಯಾರ ಆಶ್ರಯವೂ ಇಲ್ಲದ ಸ್ವತಂತ್ರ ಲೀಗುಗಳ ತಂಡಗಳು. ಫ್ರಾಂಟಿಯರ್ ಲೀಗ್, ಅಟ್ಲಾಂಟಿಕ್ ಲೀಗ್, ಅಮೆರಿಕನ್ ಅಸೋಸಿಯೇಷನ್ ಎಂಬವು ಈ ಬಗೆಯವು. ಇಲ್ಲಿ ಆಟಗಾರರ ಸಂಬಳ, ಬಸ್ಸಿನ ಖರ್ಚು, ದಾಂಡು, ಚೆಂಡು ಎಲ್ಲವೂ ಮಾಲೀಕನ ಜೇಬಿನಿಂದಲೇ ಬರಬೇಕು. ದೊಡ್ಡ ತಂಡಗಳಿಗೆ ಸಿಗುವ ಟೆಲಿವಿಷನ್ ಹಣ ಇವರಿಗಿಲ್ಲ. ಟಿಕೆಟ್ಟು, ತಿಂಡಿ, ಬಿಯರು, ಗೋಡೆಯ ಮೇಲಿನ ಜಾಹೀರಾತು ಇಷ್ಟೇ ಆದಾಯ. ವರ್ಷದಲ್ಲಿ ಊರಿನಲ್ಲಿ ನಡೆಯುವ ಪಂದ್ಯಗಳು ಸುಮಾರು 50ರಿಂದ 70; ಅದರಲ್ಲಿಯೂ ಮಳೆ ಬಂದರೆ ಆ ಸಂಜೆಯ ಗಲ್ಲಾ ಖಾಲಿ. ಇಂಥ ತಂಡ ಮುಗ್ಗರಿಸಿದಾಗ ಮೊದಲು ಬಾಕಿ ಬೀಳುವುದು ಸ್ಟೇಡಿಯಂನ ಬಾಡಿಗೆ.

ನನ್ನ ಬಾಲ್ಯದಲ್ಲಿ ಕಂಪನಿ ನಾಟಕದವರು ಊರಿಗೆ ಬಂದು ಬಿಡಾರ ಹೂಡುತ್ತಿದ್ದರು. ತಗಡು, ಬಿದಿರು, ಪರದೆ, ಕುರ್ಚಿ ಎಲ್ಲವನ್ನೂ ತಾವೇ ಲಾರಿಯಲ್ಲಿ ಹೇರಿಕೊಂಡು ತರುತ್ತಿದ್ದರು. ಜನ ಬಂದರೆ ಮೂರು ತಿಂಗಳು, ಬಾರದಿದ್ದರೆ ಮೂರು ವಾರ. ಲಾಭವೋ ನಷ್ಟವೋ ಅವರದೇ. ಅವರು ಹೋದ ಮೇಲೆ ಬಯಲಿನಲ್ಲಿ ಗೂಟದ ಗುಳಿಗಳು ಉಳಿಯುತ್ತಿದ್ದವೇ ಹೊರತು ಊರಿನ ತಲೆಯ ಮೇಲೆ ಸಾಲ ಉಳಿಯುತ್ತಿರಲಿಲ್ಲ. ಸ್ವತಂತ್ರ ಬೇಸ್‌ಬಾಲ್ ತಂಡವೂ ಸ್ವಭಾವದಲ್ಲಿ ಇಂಥದೇ ಕಂಪನಿ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು, ಬಿಡಾರದ ಜನರಿಗಾಗಿ ಊರಿನವರು ಮೂವತ್ತು ವರ್ಷದ ಸಾಲ ಎತ್ತಿ ಕಲ್ಲಿನ ಅರಮನೆ ಕಟ್ಟಿಸಿಕೊಡುವುದರಲ್ಲಿ.

ಬಿಡಾರವೆಂದದ್ದು ಉತ್ಪ್ರೇಕ್ಷೆಯಲ್ಲ. ಅಟ್ಲಾಂಟಿಕ್ ಲೀಗ್ 1998ರಲ್ಲಿ ಆರು ತಂಡಗಳೊಂದಿಗೆ ಆಟ ಆರಂಭಿಸಿತು: ಅಟ್ಲಾಂಟಿಕ್ ಸಿಟಿ, ಬ್ರಿಜ್‌ಪೋರ್ಟ್, ನಾಶುವಾ, ನೂವರ್ಕ್, ನ್ಯೂಬರ್ಗ್, ಸೋಮರ್ಸೆಟ್. ಈ ಆರರಲ್ಲಿ ಒಂದು ತಂಡವೂ ಇಂದು ಆ ಲೀಗಿನಲ್ಲಿಲ್ಲ. ನ್ಯೂಬರ್ಗ್ ತಂಡ ಒಂದೇ ವರ್ಷದಲ್ಲಿ ಊರಿನ ಹೆಸರನ್ನೇ ಕಳಚಿಕೊಂಡಿತು. ನಾಶುವಾ 2005ರ ನಂತರ ಲೀಗ್ ತೊರೆಯಿತು. ಮೊದಲ ವರ್ಷದ ಪ್ರಶಸ್ತಿಯನ್ನೇ ಗೆದ್ದಿದ್ದ ಅಟ್ಲಾಂಟಿಕ್ ಸಿಟಿ ಬೇರೆ ಲೀಗಿಗೆ ಹೋಗಿ, 2009ರಲ್ಲಿ ಬಾಗಿಲು ಮುಚ್ಚಿತು. ಬ್ರಿಜ್‌ಪೋರ್ಟ್ 2017ರವರೆಗೆ ಆಡಿತು. ಅದರ ಸ್ಟೇಡಿಯಂ 2021ರಲ್ಲಿ ಸಂಗೀತ ಕಚೇರಿಗಳ ಬಯಲು ರಂಗಮಂದಿರವಾಯಿತು. ಸೋಮರ್ಸೆಟ್ ಒಂದೇ ಏಳಿಗೆ ಕಂಡು 2021ರಲ್ಲಿ ಯಾಂಕೀಸ್ ಆಶ್ರಯಕ್ಕೆ ಸೇರಿತು.

ನೂವರ್ಕ್ ನಗರದ ಕಥೆಯನ್ನು ಬಿಡಿಸಿಯೇ ಹೇಳಬೇಕು. ಅಲ್ಲಿನ ಬೇರ್ಸ್ ತಂಡಕ್ಕಾಗಿ ಸಾರ್ವಜನಿಕರ 3 ಕೋಟಿ ಡಾಲರಿಗೂ ಮಿಕ್ಕಿದ ಹಣದಲ್ಲಿ ಸ್ಟೇಡಿಯಂ ಕಟ್ಟಿ 1999ರಲ್ಲಿ ತೆರೆದರು. ರಿಕಿ ಹೆಂಡರ್ಸನ್‌ನಂಥ ಮಹಾನ್ ಆಟಗಾರ ತನ್ನ ಸಂಧ್ಯಾಕಾಲದಲ್ಲಿ ಅಲ್ಲಿ ಆಡಿದ. ಹೆಸರಿಗೇನೂ ಕೊರತೆಯಿರಲಿಲ್ಲ, ತುಂಬದೆ ಉಳಿದದ್ದು ಕುರ್ಚಿಗಳು. 2013ರ ಆಟವೇ ಕೊನೆಯದಾಯಿತು. 2014ರಲ್ಲಿ ತಂಡದ ಸಾಮಾನುಗಳು ಹರಾಜಾದವು. 2016ರಲ್ಲಿ ಸ್ಟೇಡಿಯಂ ಸುಮಾರು 2 ಕೋಟಿ 30 ಲಕ್ಷ ಡಾಲರಿಗೆ ಖಾಸಗಿಯವರ ಪಾಲಾಗಿ, 2019ರಲ್ಲಿ ಧೂಳಾಯಿತು. ಅದೇ ವರ್ಷ ಕ್ಯಾಮ್ಡೆನ್‌ನಲ್ಲಿಯೂ ಧೂಳೆದ್ದಿತ್ತು. ಒಂದೇ ರಾಜ್ಯ, ಎರಡು ಬಡ ನಗರಗಳು, ಒಂದೇ ವರ್ಷ!

ಈಗ ನನ್ನ ಕಪ್ಪು ಹಲಗೆಗೆ ಬರೋಣ. ಯಾವ ಊರಿನ ನಿಜ ಲೆಕ್ಕವೂ ಇದಲ್ಲ, ತಿಳಿಯಲೆಂದು ಹಾಕಿದ ಲೆಕ್ಕ. ಒಂದು ಪಟ್ಟಣ 2 ಕೋಟಿ ಡಾಲರನ್ನು ಶೇಕಡಾ 5ರ ಬಡ್ಡಿಗೆ 30 ವರ್ಷದ ಸಮಾನ ಕಂತುಗಳಲ್ಲಿ ಸಾಲ ತಂದಿತೆನ್ನಿ. ವರ್ಷದ ಕಂತು ಸುಮಾರು 13 ಲಕ್ಷ ಡಾಲರ್. ಊರಿನಲ್ಲಿ 60 ಪಂದ್ಯ ನಡೆದರೆ ಪಂದ್ಯವೊಂದಕ್ಕೆ 21,700 ಡಾಲರ್ ಸಾಲಕ್ಕೇ ಬೇಕು. 2,500 ಜನ ಬಂದರೆ ತಲೆಗೆ 8 ಡಾಲರ್ 70 ಸೆಂಟು. ಆಟಗಾರನಿಗೆ ಒಂದು ಕಾಸು ಕೊಡುವ ಮೊದಲೇ ಇಷ್ಟು! ಇದನ್ನು ತಂಡ ಬಾಡಿಗೆಯಾಗಿ ಕೊಡಲಾರದು. ಆದ್ದರಿಂದಲೇ ಕರಾರಿನಲ್ಲಿ ಬಾಡಿಗೆ ಕಡಿಮೆಯಿರುತ್ತದೆ, ಉಳಿದುದನ್ನು ತೆರಿಗೆದಾರ ತುಂಬುತ್ತಾನೆ. ಇನ್ನು ಹನ್ನೆರಡನೆಯ ವರ್ಷದ ಕೊನೆಗೆ ತಂಡ ಗಂಟುಮೂಟೆ ಕಟ್ಟಿತೆನ್ನಿ. ಆಗ ಉಳಿದಿರುವ ಅಸಲು ಎಷ್ಟು? ಮೂವತ್ತರಲ್ಲಿ ಹನ್ನೆರಡು ವರ್ಷ ಕಳೆದಿದೆ, ಐದರಲ್ಲಿ ಮೂರು ಪಾಲು ಉಳಿದಿರಬೇಕು ಎಂದು ಮೊದಲ ಬೆಂಚಿನ ಹುಡುಗ ಹೇಳುತ್ತಾನೆ. ತಪ್ಪು. ಮೊದಲ ವರ್ಷಗಳ ಕಂತಿನ ಬಹುಪಾಲನ್ನು ಬಡ್ಡಿಯೇ ನುಂಗುವುದರಿಂದ ಇನ್ನೂ 1 ಕೋಟಿ 52 ಲಕ್ಷ, ಅಂದರೆ ಶೇಕಡಾ 76ರಷ್ಟು ಅಸಲು ಹಾಗೆಯೇ ನಿಂತಿರುತ್ತದೆ. ತಂಡ ಉಂಡೂ ಹೋಯಿತು, ಕೊಂಡೂ ಹೋಯಿತು. ಊರು ಇನ್ನೂ ಹದಿನೆಂಟು ವರ್ಷ ಎಲೆ ಎತ್ತುತ್ತಿರಬೇಕು.

ಇದಕ್ಕೆ ಆ ದೇಶದ ಕಾನೂನೂ ತನ್ನ ಪಾಲು ಸಲ್ಲಿಸಿದೆ. ಪುರಸಭೆಗಳ ಬಾಂಡುಗಳ ಬಡ್ಡಿಗೆ ಫೆಡರಲ್ ಆದಾಯ ತೆರಿಗೆಯಿಲ್ಲದ ಕಾರಣ ಅವುಗಳಿಗೆ ಅಗ್ಗದ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಖಾಸಗಿ ತಂಡಗಳ ಸ್ಟೇಡಿಯಂಗೆ ಈ ಸೌಲಭ್ಯ ದುರುಪಯೋಗವಾಗುವುದನ್ನು ತಡೆಯಲು 1986ರ ತೆರಿಗೆ ಸುಧಾರಣಾ ಕಾಯಿದೆ ಒಂದು ಷರತ್ತು ಹಾಕಿತು. ಖಾಸಗಿಯವರು ಬಳಸುವ ಇಂಥ ಕಟ್ಟಡದ ಸಾಲದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಭಾಗ ಆ ಕಟ್ಟಡದ ಬಾಡಿಗೆ, ಆದಾಯಗಳಿಂದ ತೀರುವಂತಿದ್ದರೆ ತೆರಿಗೆ ವಿನಾಯಿತಿ ಇಲ್ಲ. ಹಾಗಾದರೆ ಊರುಗಳು ಹಿಂದೆ ಸರಿಯುತ್ತವೆ ಎಂದು ಶಾಸಕರು ಭಾವಿಸಿದರು. ನಡೆದದ್ದು ತಿರುವು ಮುರುವು. ವಿನಾಯಿತಿ ಉಳಿಸಿಕೊಳ್ಳಲು ಊರುಗಳು ಬಾಡಿಗೆಯನ್ನೇ ಇಳಿಸಿ, ಉಳಿದ ಶೇಕಡಾ 90 ಭಾಗವನ್ನು ಸಾಮಾನ್ಯ ತೆರಿಗೆಯಿಂದ ತೀರಿಸಲು ಒಪ್ಪಿದವು. ನ್ಯಾಯವಾದ ಬಾಡಿಗೆ ಕೇಳುವ ಊರಿಗೆ ದುಬಾರಿ ಸಾಲ, ಬಾಡಿಗೆ ಬಿಟ್ಟುಕೊಡುವ ಊರಿಗೆ ಅಗ್ಗದ ಸಾಲ! ಪ್ರಾಮಾಣಿಕ ವಿದ್ಯಾರ್ಥಿಯ ಅಂಕ ಕಳೆಯುವ ಇಂಥ ಪರೀಕ್ಷೆಯನ್ನು ನಾನೆಲ್ಲಿಯೂ ಕಂಡಿಲ್ಲ.

ಜನ ಬೇಡವೆಂದರೂ ಕಟ್ಟಿದ ಉದಾಹರಣೆ ನ್ಯೂಯಾರ್ಕ್ ರಾಜ್ಯದ ರಾಮಾಪೋ ಪಟ್ಟಣದ್ದು. 1 ಕೋಟಿ 65 ಲಕ್ಷ ಡಾಲರಿನ ಬಾಂಡಿಗೆ ಪಟ್ಟಣ ಜಾಮೀನು ನಿಲ್ಲಬೇಕೇ ಎಂದು 2010ರಲ್ಲಿ ಜನಮತ ಕೇಳಲಾಯಿತು. ಸುಮಾರು ಶೇಕಡಾ 70 ಮಂದಿ ಬೇಡವೆಂದರು. ಆದರೂ ಪಟ್ಟಣವೇ ಹುಟ್ಟುಹಾಕಿದ ಅಭಿವೃದ್ಧಿ ನಿಗಮವೊಂದರ ಹೆಸರಿನಲ್ಲಿ ಇನ್ನೂ ದೊಡ್ಡ ಸಾಲ ಎತ್ತಿ, ಅದಕ್ಕೆ ಪಟ್ಟಣದ ಜಾಮೀನನ್ನೇ ಕೊಟ್ಟು, 2011ರಲ್ಲಿ ಸ್ಟೇಡಿಯಂ ತೆರೆದರು. ಸಾರ್ವಜನಿಕರ ಹಣ ಬಳಸುವುದಿಲ್ಲವೆಂದು ಜನರಿಗೆ ಹೇಳಿದ್ದರು. ಒಟ್ಟು ವೆಚ್ಚ ಸುಮಾರು 5 ಕೋಟಿ 80 ಲಕ್ಷ ಡಾಲರಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಪಟ್ಟಣವೇ ತೆತ್ತಿತು. ಹದಗೆಟ್ಟ ಲೆಕ್ಕವನ್ನು ಬಾಂಡು ಕೊಳ್ಳುವವರಿಂದ ಮುಚ್ಚಿಟ್ಟರೆಂದು ಪಟ್ಟಣದ ಸೂಪರ್‌ವೈಸರ್ ಕ್ರಿಸ್ಟೋಫರ್ ಸೇಂಟ್ ಲಾರೆನ್ಸ್ ಮೇಲೆ 2016ರಲ್ಲಿ ಫೆಡರಲ್ ಮೊಕದ್ದಮೆ ಹೂಡಲಾಯಿತು. 2017ರ ಮೇ ತಿಂಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ಡಿಸೆಂಬರಿನಲ್ಲಿ 30 ತಿಂಗಳ ಸೆರೆವಾಸ ವಿಧಿಸಲಾಯಿತು. ತಪ್ಪಿತಸ್ಥನಿಗೆ ಶಿಕ್ಷೆಯಾಯಿತು, ಸಮಾಧಾನ. ಆದರೆ ಸಾಲಕ್ಕೆ ಶಿಕ್ಷೆಯಿಲ್ಲವಲ್ಲ!

ಇನ್ನೊಂದು ಕಡೆ ಸ್ಟೇಡಿಯಂ ಕಟ್ಟದೆಯೇ ಪಜೀತಿಯಾಯಿತು. ಫೀಲ್ಡ್ ಆಫ್ ಡ್ರೀಮ್ಸ್ ಎಂಬ 1989ರ ಚಲನಚಿತ್ರದಲ್ಲಿ ರೈತನೊಬ್ಬ ಜೋಳದ ಹೊಲ ಕಡಿದು ಬೇಸ್‌ಬಾಲ್ ಅಂಗಳ ಮಾಡುತ್ತಾನೆ. ತೀರಿಹೋದ ಆಟಗಾರರು ಆಡಲು ಬರುತ್ತಾರೆ. ಆ ರೈತನ ಪಾತ್ರ ವಹಿಸಿದ ಕೆವಿನ್ ಕಾಸ್ಟ್ನರ್ ಇಲಿನಾಯ್ ರಾಜ್ಯದ ಜಾಯನ್ ಎಂಬ ಊರಿನ ಫೀಲ್ಡರ್ಸ್ ತಂಡದ ಪಾಲುದಾರರಾದರು. ಶಾಶ್ವತ ಸ್ಟೇಡಿಯಂ ಬರುವುದೆಂಬ ಭರವಸೆಯಲ್ಲಿ ತಾತ್ಕಾಲಿಕ ಆಸನಗಳ ನಡುವೆ 2010ರಲ್ಲಿ ಆಟ ಶುರುವಾಯಿತು. ಸ್ಟೇಡಿಯಂ ಬರಲೇ ಇಲ್ಲ. 2011ರಲ್ಲಿ ಸಂಬಳ ನಿಂತು, ತಂಡದ ಮ್ಯಾನೇಜರ್ ರಾಜೀನಾಮೆಯಿತ್ತು, ಆಟಗಾರರು ಪ್ರತಿಭಟಿಸಿ, ತಂಡ ಕುಸಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ ಚಳಿಯಲ್ಲಿ ನಡುಗುವವರು ಬಡ ಆಟಗಾರರು. ನನ್ನ ಮೊಮ್ಮಗನಿಗೆ ಚೆಂಡು ಕೊಟ್ಟವನೂ ಅಂಥವರಲ್ಲೊಬ್ಬನೇ ಅಲ್ಲವೇ?

ಅಳಿಯಂದಿರು ನನ್ನ ವಾದವನ್ನು ಒಪ್ಪುವುದಿಲ್ಲ. "ಮಾವ, ನೀವು ಬರೀ ಬಡ್ಡಿಯನ್ನು ನೋಡುತ್ತೀರಿ. ಫಿಲಡೆಲ್ಫಿಯಾದಲ್ಲಿ ದೊಡ್ಡ ತಂಡದ ಆಟಕ್ಕೆ ನಾಲ್ಕು ಜನ ಹೋದರೆ ಎಷ್ಟು ಖರ್ಚು ಗೊತ್ತೇ? ಬಡವರ ಮಕ್ಕಳಿಗೆ ಒಂದು ಸಂಜೆಯ ಸಂತೋಷ ಬೇಡವೇ? ಪಾಳುಬಿದ್ದ ನದಿ ದಂಡೆಗೆ ಜನ ಬಂದರೆ ಅಂಗಡಿಗಳಿಗೆ ವ್ಯಾಪಾರವಾಗುವುದಿಲ್ಲವೇ?" ಎಂದರು. ಮಾತಿನಲ್ಲಿ ಸತ್ಯವಿದೆ. ಆ ಸಂಜೆಯ ಸಂತೋಷವನ್ನು ನಾನೂ ಉಂಡಿದ್ದೇನೆ, ಅಲ್ಲಗಳೆದರೆ ಕೃತಘ್ನನಾಗುತ್ತೇನೆ. ಆದರೆ ವ್ಯಾಪಾರದ ಮಾತು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ರೋಜರ್ ನೋಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿ ಸಂಪಾದಿಸಿದ ಗ್ರಂಥದಿಂದ ಹಿಡಿದು ಇಂದಿನವರೆಗೆ ಈ ವಿಷಯವನ್ನು ಅಭ್ಯಸಿಸಿದ ಬಹುತೇಕ ವಿದ್ವಾಂಸರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಸ್ಟೇಡಿಯಂಗಳು ಊರಿನ ಸಂಪತ್ತನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಕಾರಣ ಸರಳ. ಆ ಶನಿವಾರ ನಾವು ಆಟಕ್ಕೆ ಹೋಗದಿದ್ದರೆ ಅದೇ ಹಣದಲ್ಲಿ ಹೋಟೆಲಿಗೋ ಸಿನಿಮಾಕ್ಕೋ ಹೋಗುತ್ತಿದ್ದೆವು. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಬಿತ್ತೇ ಹೊರತು ಹೊಸದಾಗಿ ಹುಟ್ಟಲಿಲ್ಲ. ಸಂತೋಷಕ್ಕಾಗಿ ಸ್ಟೇಡಿಯಂ ಬೇಕೆಂದರೆ ಉದ್ಯಾನದಂತೆ, ಗ್ರಂಥಾಲಯದಂತೆ ಅದೊಂದು ಖರ್ಚು ಎಂದು ಒಪ್ಪಿ ಜನರ ಅನುಮತಿ ಪಡೆಯಿರಿ. ಅದನ್ನು ಲಾಭದ ಹೂಡಿಕೆಯೆಂದು ನಂಬಿಸಬೇಡಿ.

ಮಗಳ ಮನೆಯ ಆಸ್ತಿ ತೆರಿಗೆಯ ಬಿಲ್ಲನ್ನು ಒಮ್ಮೆ ಕುತೂಹಲದಿಂದ ಓದಿದೆ. ನ್ಯೂಜೆರ್ಸಿಯಲ್ಲಿ ಕೌಂಟಿಗೆ ಇಷ್ಟು, ಊರಿಗೆ ಇಷ್ಟು, ಶಾಲೆಗೆ ಇಷ್ಟು ಎಂದು ಪ್ರತ್ಯೇಕ ಸಾಲುಗಳಿರುತ್ತವೆ. ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲೆಯದು; ಮೇಷ್ಟರಾದ ನನಗೆ ಹೆಮ್ಮೆಯೆನಿಸಿತು. ಚೆರ್ರಿ ಹಿಲ್ ಇರುವುದು ಕ್ಯಾಮ್ಡೆನ್ ಕೌಂಟಿಯಲ್ಲಿ. ಕ್ಯಾಂಪ್‌ಬೆಲ್ಸ್ ಫೀಲ್ಡ್ ಕಟ್ಟಲು ಸೂಪು ತಯಾರಿಸುವ ಕಂಪನಿ ತನ್ನ ಹೆಸರಿಗಾಗಿ ಕೊಟ್ಟ ಹಣದ ಜೊತೆಗೆ ಸಾರ್ವಜನಿಕ ಸಂಸ್ಥೆಗಳ ಹಣವೂ ಸೇರಿತ್ತು. ಸಾಲ ತೀರದಾದಾಗ, 2015ರಲ್ಲಿ, ಕೌಂಟಿಯ ಅಭಿವೃದ್ಧಿ ಪ್ರಾಧಿಕಾರವೇ ಅದನ್ನು 35 ಲಕ್ಷ ಡಾಲರಿಗೆ ಕೊಂಡಿತು. ಅದೇ ವರ್ಷ ಬಾಡಿಗೆ ಕರಾರು ಕುದುರದೆ ರಿವರ್‌ಶಾರ್ಕ್ಸ್ ಆಟ ಮುಗಿಸಿತು. ಮನೆ ಕೊಂಡ ವರ್ಷವೇ ಬಾಡಿಗೆದಾರ ಖಾಲಿ! ಮರೆಯಬಾರದ ಸಂಗತಿಯೆಂದರೆ, ಕ್ಯಾಮ್ಡೆನ್ ನಗರದ ಆಡಳಿತವನ್ನು 2002ರಲ್ಲಿಯೂ ಅದರ ಶಾಲೆಗಳ ಆಡಳಿತವನ್ನು 2013ರಲ್ಲಿಯೂ ರಾಜ್ಯ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತ್ತು. ಸ್ಟೇಡಿಯಂನ ಹಣ ಬೇರೆ, ಶಾಲೆಯ ಹಣ ಬೇರೆ ಎಂದು ಲೆಕ್ಕಿಗರು ವಾದಿಸಬಹುದು. ಖಾತೆಗಳು ಬೇರೆ, ನಿಜ. ತೆರುವ ಮನುಷ್ಯ ಒಬ್ಬನೇ.

ಹಾಗಾದರೆ ಸ್ವತಂತ್ರ ಬೇಸ್‌ಬಾಲ್ ಬೇಡವೇ? ಖಂಡಿತ ಬೇಕು. ದಾರಿ ತೋರಿಸಿದ ಊರುಗಳೂ ಇವೆ. ಮಿನ್ನೆಸೋಟಾದ ಸೇಂಟ್ ಪಾಲ್ ಸೇಂಟ್ಸ್ ತಂಡ 1993ರಲ್ಲಿ ಆರಂಭವಾದಾಗ ಹೊಸ ಅರಮನೆ ಕೇಳಲಿಲ್ಲ. ನಗರದ ಹಳೆಯ ಮಿಡ್‌ವೇ ಸ್ಟೇಡಿಯಂನಲ್ಲಿ, ಗೂಡ್ಸ್ ರೈಲು ಪಕ್ಕದಲ್ಲಿ ಗಡಗಡಿಸುತ್ತಿರುವಾಗಲೇ 22 ವರ್ಷ ಆಡಿತು. ಅಂಪೈರಿಗೆ ಚೆಂಡು ಹೊತ್ತುಕೊಡಲು ಒಂದು ಹಂದಿಮರಿಯನ್ನು ಪಳಗಿಸಿದ್ದರಂತೆ! ಜನ ನಕ್ಕರು, ಮತ್ತೆ ಮತ್ತೆ ಬಂದರು. ಹೊಸ ಸ್ಟೇಡಿಯಂ ಬಂದದ್ದು 2015ರಲ್ಲಿ, ಊರಿನ ಪ್ರೀತಿಯನ್ನು ಗಳಿಸಿ ತೋರಿಸಿದ ಮೇಲೆ. ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಆಟರ್ಸ್ ತಂಡ 1995ರಿಂದ ಆಡಿಕೊಂಡು ಬಂದಿರುವುದು 1915ರಲ್ಲಿ ಕಟ್ಟಿದ ಬಾಸ್ ಫೀಲ್ಡ್‌ನಲ್ಲಿ. ಆ ಅಂಗಳದ ಒಡೆತನ ಅಲ್ಲಿನ ಶಾಲಾ ಆಡಳಿತದ್ದೆಂದು ಓದಿದಾಗ ನನಗಾದ ಆನಂದವನ್ನು ಓದುಗರು ಊಹಿಸಬಲ್ಲರು. ಇದ್ದುದನ್ನು ಉಳಿಸಿಕೊಂಡು ದುಡಿಸಿಕೊಳ್ಳುವ ಊರಿಗೆ ತಂಡ ಹೋದರೂ ನಷ್ಟ ಸಣ್ಣದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ.

ನನ್ನ ಬೇಡಿಕೆ ದೊಡ್ಡದಲ್ಲ. ಸಾಲದ ಅವಧಿಯಷ್ಟೇ ಬಾಡಿಗೆ ಕರಾರಿನ ಅವಧಿಯೂ ಇರಲಿ. ಮೂವತ್ತು ವರ್ಷ ಇರುತ್ತೇನೆಂದು ಸಹಿ ಹಾಕಲು ಮಾಲೀಕ ಸಿದ್ಧನಿಲ್ಲವಾದರೆ ಊರೇಕೆ ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕಬೇಕು? ಕನಿಷ್ಠ ಎರಡು ವರ್ಷದ ಬಾಡಿಗೆಗೆ ಬ್ಯಾಂಕಿನ ಖಾತರಿ ಮೊದಲೇ ಇರಲಿ. ತಂಡದ ಲೆಕ್ಕಪತ್ರವನ್ನು ಪ್ರತಿವರ್ಷ ಊರಿನ ಮುಂದೆ ತೆರೆದಿಡಲಿ. ಜನಮತ ಕೇಳಿದ ಮೇಲೆ ಅದಕ್ಕೆ ತಲೆಬಾಗಲಿ. ಹಿಂಬಾಗಿಲಿನ ನಿಗಮಗಳ ಮೂಲಕ ಜಾಮೀನು ನಿಲ್ಲುವುದು ನಿಲ್ಲಲಿ. ಪಂದ್ಯವಿಲ್ಲದ ದಿನಗಳಲ್ಲಿ ಆ ಅಂಗಳ ಶಾಲೆಯ ಮಕ್ಕಳಿಗೆ ತೆರೆದಿರಲಿ. ಈ ಷರತ್ತುಗಳಿಗೆ ಒಪ್ಪುವ ತಂಡ ಬಂದರೆ ಊರು ಆರತಿ ಎತ್ತಿ ಬರಮಾಡಿಕೊಳ್ಳಲಿ. ಒಪ್ಪದವರು ನಾಟಕ ಕಂಪನಿಯವರಂತೆ ತಮ್ಮ ಡೇರೆಯನ್ನು ತಾವೇ ಹೊತ್ತು ತರಲಿ.

ಅಲ್ಲಿಯ ಜಗಳ ನಮಗೇಕೆ ಎಂದು ಕೆಲವರಿಗೆ ಅನ್ನಿಸೀತು. ಈ ಪುಟಗಳನ್ನು ಓದುವವರಲ್ಲಿ ಅನೇಕರ ಮಕ್ಕಳು ಆ ದೇಶದ ಇಂಥ ಊರುಗಳಲ್ಲಿ ಮನೆ ಮಾಡಿದ್ದಾರೆ, ತೆರಿಗೆ ಕಟ್ಟುತ್ತಾರೆ, ಪೌರತ್ವ ಪಡೆದವರು ಮತವನ್ನೂ ಹಾಕುತ್ತಾರೆ. ಕನ್ನಡ ಸಂಘದ ಯುಗಾದಿಗೆ ತಪ್ಪದೆ ಹೋಗುವ ನಮ್ಮ ಮಕ್ಕಳು ಊರಿನ ಕೌನ್ಸಿಲ್ ಸಭೆಗೆ ಹೋಗುವುದು ಅಪರೂಪ. ಹಸುರು ಅಂಗಳದ ಬಣ್ಣದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುವ ಆ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು, "ಸ್ವಾಮಿ, ಸಾಲ ಎಷ್ಟು ವರ್ಷದ್ದು? ಕರಾರು ಎಷ್ಟು ವರ್ಷದ್ದು?" ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು. ಎರಡು ಸಂಖ್ಯೆಗಳೂ ಒಂದೇ ಆಗಿರದಿದ್ದರೆ ಕೈ ಎತ್ತಿ ಬೇಡವೆನ್ನಲಿ.

ಮೊಮ್ಮಗನ ಕೋಣೆಯಲ್ಲಿ ಆ ಚೆಂಡು ಇನ್ನೂ ಇದೆ. ಹೊಲಿಗೆ ಸ್ವಲ್ಪ ಬಿಟ್ಟಿದೆ, ಚರ್ಮ ಹಳದಿಯಾಗಿದೆ. ಎರಡೂವರೆ ಕೋಟಿ ಡಾಲರಿನ ಕಟ್ಟಡದಿಂದ ನಮ್ಮ ಪಾಲಿಗೆ ಉಳಿದಿರುವುದು ಅದೊಂದೇ. ಅದನ್ನು ಕೊಟ್ಟ ಆಟಗಾರ ಅಂದು ನಮ್ಮ ಊರ ಹುಣಸೆಮರದ ಬಯಲಿನಲ್ಲಿ ಆಡಿದ್ದರೂ ಆ ಹುಡುಗನ ಸಂತೋಷ ಒಂದು ಕೂದಲಷ್ಟೂ ಕಡಿಮೆಯಾಗುತ್ತಿರಲಿಲ್ಲವೆಂದು ನನ್ನ ನಂಬಿಕೆ.